ಅರ್ಧ ಎಂ.ಬಿ. ಜಾಗ

ವಿಲೆ ಪಾರ್ಲೆಯ ನಮ್ಮ ಆಫೀಸಿನ ಸರ್ವರ್‌ನಲ್ಲಿ ಒಬ್ಬೊಬ್ಬರ ಮೇಲ್‌ಬಾಕ್ಸ್‌ಗೆ ಅರ್ಧ ಎಂ.ಬಿ. ಜಾಗ. ನನ್ನದು ತುಂಬಿ ನಾಲ್ಕು ದಿನವಾಗಿತ್ತು.

"ವನಮಾಲಾ ಅವ್ರ, ನಿಮಗ ಬಂದ ಹೊಸಾ ಮೇಲ್ ಎಲ್ಲಾ ವಾಪಸ್ ಹೊಂಟಾವ. ಹಳೇವನ್ನ ಅಳಸ್ರಿ." ಸರ್ವರ್ ನೋಡಿಕೊಳ್ಳುವ ಶಿವಪುತ್ರಪ್ಪ ನನ್ನ ಮೇಜಿನ ಪಕ್ಕ ನಿಂತಿದ್ದರು. "ಇಲ್ಲಾಂದ್ರ ಐದಕ್ಕ ನಾನ ಅಳಸ್ಬೇಕಾಕ್ಕೈತಿ."

"ಅಳಿಸ್ತೀನಿ."

"ಸೋಮವಾರನೂ ಹಿಂಗ ಅಂದ್ರಿ."

ಬಿಜಾಪುರದ ಈ ಮನುಷ್ಯ ಮಾತಿಗೊಮ್ಮೆ ನಗುವವರು. ಇವತ್ತು ಬೆಳಗಿನಿಂದ ಒಮ್ಮೆಯೂ ನಕ್ಕಿರಲಿಲ್ಲ. ಅವರನ್ನು ನೋಡಬಾರದು ಅಂದುಕೊಂಡೇ ಎಲ್ಲವನ್ನೂ ನೋಡುತ್ತಿದ್ದೆ.

"ಯಾರವ್ರಿ ಅಷ್ಟು ಪತ್ರ?" ದನಿ ತಗ್ಗಿಸಿದರು.

"ಸರ್ವರ್ ನಿಮ್ಮ ಕೈಲೇ ಇದೆ. ತೆಗೆದು ನೋಡಬಹುದಿತ್ತಲ್ಲ?"

"ಮಂದಿ ಪತ್ರ ನಾ ತಗದ ನೋಡಂಗಿಲ್ರಿ. ಎಷ್ಟು ಜಾಗ ಹಿಡದಾವ ಅಂತ ಅಷ್ಟ ನೋಡ್ತೀನಿ." ಪೆನ್ನಿನ ಕ್ಯಾಪ್ ತೆಗೆದರು, ಹಾಕಿದರು. "ರವಿವಾರ ಹೆಣ್ಣ ನೋಡಾಕ ಸೊಲ್ಲಾಪುರಕ್ಕ ಬಾ ಅಂದಾಳ ಅವ್ವ. ಇವತ್ತ ಫೋನ್ ಮಾಡಿ ಹೇಳಬೇಕು."

"ಅದಕ್ಕೂ ನನ್ನ ಮೇಲ್‌ಬಾಕ್ಸ್‌ಗೂ ಏನು ಸಂಬಂಧ?"

"ಯಾರದೋ ಪತ್ರ ಇಷ್ಟು ಜ್ವಾಪಾನ ಮಾಡಿ ಇಟ್ಕೊಂಡೀರಂದ್ರ, ನಾ ಸುಮ್ನ ಹೋಗಿ ಹೆಣ್ಣ ನೋಡೂದ ಚಲೋ."

ಮುಲುಂಡ್‌ನಿಂದ ಆಫೀಸಿಗೆ ಬರುವಾಗ ಲೋಕಲ್ ರೈಲಿನಲ್ಲಿ ಇವರಿಗೆ ಹೇಳಲೆಂದು ದಿನವೂ ಜೋಡಿಸಿಟ್ಟುಕೊಂಡ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. ಟರ್ಮಿನಲ್‌ನ ಪರದೆಯನ್ನು ಅವರ ಕಡೆ ತಿರುಗಿಸಿದೆ.

ಮೇಲಿನಿಂದ ಕೆಳಗಿನವರೆಗೂ ಒಂದೇ ಹೆಸರು. ಶಿವಪುತ್ರಪ್ಪ, ಶಿವಪುತ್ರಪ್ಪ. ಜಾಗ ಮುಗಿಯುತ್ತಿದೆ, ಮೇಲ್ ಅಳಿಸಿ ಎಂದು ಇಡೀ ಆಫೀಸಿಗೆ ಅವರು ವರ್ಷವಿಡೀ ಕಳಿಸಿದ ನೋಟಿಸುಗಳು. ಪ್ರತಿಯೊಂದರ ಕೊನೆಗೂ ಅದನ್ನು ಪಡೆದ ಇನ್ನೂರು ಜನರ ಪಟ್ಟಿ. ಉಳಿದವರೆಲ್ಲ ಓದದೆಯೇ ಅಳಿಸಿದ್ದರು.

"ಅಯ್ಯ! ಇವನ್ನ ಯಾರರ ಇಟ್ಕೊಂತಾರೇನ್ರಿ?"

"ಎಲ್ಲರಿಗೂ ಬರೆದದ್ದು ಅಂತ ಗೊತ್ತು. ಆದರೂ ನೀವು ಬರೆದದ್ದು."

ಅವರ ಕಿವಿ ಕೆಂಪಾಯಿತು. ಕುರ್ಚಿ ಎಳೆದು ಕೂತರು, ತಕ್ಷಣ ಎದ್ದರು.

"ಕೆಳಗ ಎಸ್‌ಟಿಡಿ ಬೂತಿಗೆ ಹೋಗ್ತೀನಿ. ಬರಂಗಿಲ್ಲ ಅಂದ್ರ ಅವ್ವ ಸುಮ್ನ ಬಿಡಾಕಿ ಅಲ್ಲ, ಯಾಕ ಅಂತಾಳ. ಏನ್ ಹೇಳ್ಲಿ?"

ಪರದೆಯ ಮೇಲಿದ್ದ ಅಷ್ಟೂ ನೋಟಿಸುಗಳನ್ನು ಒಂದೇ ಸಲಕ್ಕೆ ಅಳಿಸಿದೆ. ಆಶ್ಚರ್ಯ, ಏನೂ ಕಳೆದುಕೊಂಡಂತೆ ಅನ್ನಿಸಲಿಲ್ಲ. ಪರ್ಸ್ ಹೆಗಲಿಗೆ ಹಾಕಿಕೊಂಡೆ.

"ನನ್ನ ಹೆಸರು ಹೇಳಿ. ಫೋನ್ ಆಕೆಗೆ ಕೊಡು ಅಂತ ನಿಮ್ಮಮ್ಮ ಅಂದರೆ ನನಗೆ ಕೊಡಿ, ನಾನೂ ಬೂತ್‌ನಲ್ಲೇ ಇರ್ತೀನಿ."