ಬೆಸುಗೆ ಹಾಕಿಸಿದ ಆರು ಡಬ್ಬಿ

"ಎಲ್ಲಾಕ್ಕೂ ಒಂದೇ ಮಣ್ಣು, ಒಂದೇ ನೀರು. ಆರು ಸಸಿ ಹಸರಾಗ್ಯಾವ, ಆರು ಸಾಯಾಕತ್ತ್ಯಾವ. ನನ್ನ ಓದೇ ಸುಳ್ಳೇನ್ರಿ, ಕಸ್ತೂರೆಮ್ಮಾರ?"

ಮರಿಸ್ವಾಮಿಯ ಕಣ್ಣು ಕೆಂಪಾಗಿತ್ತು. ಆರು ಎಂದೊಡನೆ ಕಸ್ತೂರೆಮ್ಮ ಬಾಡಿದ ಸಸಿಗಳ ಡಬ್ಬಿಗಳತ್ತ ತಿರುಗಿದಳು.

ಅದು 1954ರ ಮಸ್ಕಿ. ಹೈದರಾಬಾದಿನಲ್ಲಿ ತೋಟಗಾರಿಕೆ ಓದಿ ಬಂದ ಮರಿಸ್ವಾಮಿ ಅವಳ ಅಪ್ಪ ಬಸವಂತರಾಯರ ಅಂಗಳದಲ್ಲಿ ಹನ್ನೆರಡು ಚಿಮಣಿಎಣ್ಣೆ ಡಬ್ಬಿಗಳಲ್ಲಿ ಪೇರಲ ಸಸಿ ಬೆಳೆಸುತ್ತಿದ್ದ. ಊರವರು 'ಡಬ್ಬಿಸ್ವಾಮಿ' ಎಂದು ನಗುತ್ತಿದ್ದರು. ಆ ನಗು ಕೇಳಿದರೆ ಅವಳಿಗೆ ಮೈಯೆಲ್ಲ ಉರಿ. ಎಂಥಾ ಮನುಷ್ಯ ಅವನು! ಎಲೆ ಮುಟ್ಟುವಾಗಲೂ ಕೂಸಿನ ಕೆನ್ನೆ ಮುಟ್ಟಿದಂತೆ ಮುಟ್ಟುತ್ತಿದ್ದ.

ಹೋದ ತಿಂಗಳು ಅವನು ಸಸಿ ತರಲು ಲಿಂಗಸುಗೂರಿಗೆ ಹೊರಟಾಗ, ಡಬ್ಬಿಗಳಿಗೆ ಮಣ್ಣು ತುಂಬಿಡಲು ಅವಳಿಗೇ ಹೇಳಿದ್ದ. ನೋಡಿದರೆ ಎಲ್ಲದರ ತಳವೂ ತೂತು! ಅಯ್ಯೋ ಪಾಪ, ಸೋರುವ ಡಬ್ಬಿ ಕೊಟ್ಟು ಯಾರೋ ಮೋಸ ಮಾಡ್ಯಾರ ಎಂದುಕೊಂಡಳು. ಓಣಿಗೆ ಬಂದಿದ್ದ ಕಲಾಯಿ ಬಾಬುಸಾಬ್‌ನನ್ನು ಕರೆದು ಬೆಸುಗೆ ಹಾಕಿಸಿದಳು. ಆರು ಮುಗಿಯುವಷ್ಟರಲ್ಲಿ ಅವನ ಸೀಸ ತೀರಿತ್ತು. ಈಗ ಸಾಯುತ್ತಿದ್ದುದೂ ಅವೇ ಆರು. ಪ್ರೀತಿಯಿಂದ ಮಾಡಿದ್ದು ಈಗ ಆ ಪ್ರೀತಿಯನ್ನೇ ಕೊಲ್ಲಲು ನಿಂತಿತ್ತು.

ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಜೀಪು ನಿಂತಿತು. ತೋಟದ ಇಲಾಖೆಯ ಸಾಹೇಬರು! ಅವರು ಮೆಚ್ಚಿದರೆ ಲಿಂಗಸುಗೂರಿನಲ್ಲಿ ರೈತರಿಗೆ ಕ್ಲಾಸು, ಇಲ್ಲದಿದ್ದರೆ ಮರಿಸ್ವಾಮಿಯ ಪ್ರಯೋಗಕ್ಕೆ ಅಂದೇ ಬೀಗ. ಹಿಂದೆಯೇ ಊರ ಮಂದಿಯೂ ಅಂಗಳ ತುಂಬಿದರು.

"ಅರ್ಧಕ್ಕರ್ಧ ಸತ್ತಾವಲ್ಲ?" ಸಾಹೇಬರು ಹುಬ್ಬು ಗಂಟಿಕ್ಕಿದರು.

"ತಪ್ಪು ನನ್ದರೀ," ಮರಿಸ್ವಾಮಿ ತಲೆ ತಗ್ಗಿಸಿದ.

"ಅಲ್ರಿ!" ಕಸ್ತೂರೆಮ್ಮ ಸೆರಗು ಬಿಗಿದು ಮುಂದೆ ಬಂದಳು. "ಆ ಆರರ ತೂತು ನಾನೇ ಮುಚ್ಚಿಸೀನ್ರಿ. ಅವರ ಓದು ಸುಳ್ಳಲ್ರಿ, ನನಗ ತಿಳೀಲಿಲ್ಲ."

ಮಂದಿ ಗೊಳ್ಳೆಂದು ನಕ್ಕರು. ಅವನು ಇನ್ನು ತನ್ನ ಮುಖ ನೋಡಲಾರ ಎಂದು ಅವಳಿಗೆ ಅಳು ಒತ್ತಿ ಬಂತು.

ಮರಿಸ್ವಾಮಿ ಮಾತ್ರ ಓಡಿಹೋಗಿ ಎರಡು ಡಬ್ಬಿ ಬೋರಲು ಹಾಕಿದ. ಬೆಸುಗೆಯದರಲ್ಲಿ ಬೇರು ಕೊಳೆತು ನಾರುತ್ತಿತ್ತು. ಇನ್ನೊಂದರಲ್ಲಿ ಬೆಳ್ಳಗೆ, ದಟ್ಟವಾಗಿ ಹಬ್ಬಿತ್ತು.

"ನೋಡ್ರಿ! ನೀರು ಹೊರಗ ಹೋಗಲಿಲ್ಲಂದ್ರ ಬೇರಿಗೆ ಉಸಿರಿಲ್ಲ. ನಾನು ವರ್ಷಗಟ್ಟಲೆ ಬಾಯಿಲೆ ಹೇಳಿದ್ರೂ ತಿಳೀದ್ದನ್ನ ಈಕಿ ಒಂದು ತಿಂಗಳದಾಗ ತೋರಿಸ್ಯಾಳ!"

ನಗುತ್ತಿದ್ದವರು ಬಗ್ಗಿ ಬಗ್ಗಿ ಬೇರು ನೋಡತೊಡಗಿದರು. ಹೆಮ್ಮೆಯಿಂದ ಕಸ್ತೂರೆಮ್ಮನ ಕಣ್ಣು ತುಂಬಿತು.

"ಶಾಬಾಸ್! ಕ್ಲಾಸಿಗೆ ಮಂಜೂರಿ," ಎಂದರು ಸಾಹೇಬರು. "ಈಕಿ ಯಾರ್ರಿ?"

"ಮಾಲಕರ ಮಗಳ್ರಿ," ಮರಿಸ್ವಾಮಿ ತಡವರಿಸಿದ. "ನನ್ನ ಮದಿವ್ಯಾಗ್ತೀರೇನು ಅಂತ ಕೇಳಬೇಕಂತ ಮಾಡೀನ್ರಿ. ಇನ್ನೂ ಧೈರ್ಯ ಬಂದಿಲ್ರಿ."

"ಇಷ್ಟು ಮಂದ್ಯಾಗ ಬಂತಲ್ಲೋ ಮಾರಾಯ!" ಮಂದಿಯ ನಡುವೆ ನಿಂತಿದ್ದ ಬಸವಂತರಾಯರು ಮೀಸೆಯಲ್ಲೇ ನಕ್ಕು ಮಗಳತ್ತ ತಿರುಗಿದರು. "ಏನಂತೀ ಬೇ?"

ಕೆನ್ನೆ ಕೆಂಪಾಗಿದ್ದರೂ ಕಸ್ತೂರೆಮ್ಮ ತಲೆ ಎತ್ತಿಯೇ ನಿಂತಳು. "ಕ್ಲಾಸಿಗೆ ನಾನೂ ಬರ್ತೀನ್ರಿ. ಕೇಳಾಕಲ್ಲ, ಹೇಳಾಕ. ಒಪ್ಪಿದ್ರ ಹೂಂ."

ಮರಿಸ್ವಾಮಿ ಅವಳ ಕಣ್ಣಿಗೆ ಕಣ್ಣಿಟ್ಟ. "ಮೊದಲನೇ ಪಾಠ ನಿಮ್ದರೀ," ಎಂದ.