ಜೋನಿಬೆಲ್ಲದ ಕೇಕಿನಲ್ಲಿ ಹುಳು

ಸೂರ್ಯಕಾಂತಮ್ಮ ಕೇಕಿನ ಮೊದಲ ತುಂಡನ್ನು ಬಾಯಿಗಿಟ್ಟು ಅಗಿದರು. ದವಡೆ ತಟ್ಟನೆ ನಿಂತಿತು. ಬಾಯಲ್ಲಿದ್ದದ್ದನ್ನು ಅಂಗೈಗೆ ಉಗಿದರು.

ಅಂಗೈಯ ಮೇಲೆ, ಎಂಜಲು ಕೇಕಿನ ನಡುವೆ, ಹಳದಿ ಹುಳುವೊಂದರ ಅರ್ಧ ದೇಹ ಇನ್ನೂ ನುಲಿಯುತ್ತಿತ್ತು.

“ಛೀ! ಏನೇ ಇದು, ಹಂಸಾ?”

ಹಂಸಾ ತಟ್ಟೆಯತ್ತ ನೋಡಿದಳು. ಕತ್ತರಿಸಿದ ಪದರಗಳ ನಡುವಿನಿಂದ ಕೆನೆ ಮೆತ್ತಿಕೊಂಡ ಹುಳುಗಳು ಒಂದರ ಮೇಲೊಂದು ಹೊರಳುತ್ತ ಈಚೆ ಬರುತ್ತಿದ್ದವು. ನೆಂಟರಲ್ಲಿ ಯಾರೋ ಓಕರಿಸಿದರು. ಇನ್ನಾರೋ ಬಚ್ಚಲಿಗೆ ಓಡಿದರು. ಹಂಸಾಳಿಗೆ ಅಳು ಬಂತು. ತನ್ನ ಕೈಯಾರೆ ಮಾಡಿದ ಕೇಕ್!

ಅದು ಬರೀ ಅತ್ತೆಯ ಹುಟ್ಟುಹಬ್ಬದ ಕೇಕಾಗಿರಲಿಲ್ಲ. ವಿಜಯವಾಡದ ಒನ್ ಟೌನ್‌ನಲ್ಲಿ ಅತ್ತೆ ಸೂರ್ಯಕಾಂತಮ್ಮನವರ ಮಿಠಾಯಿ ಅಂಗಡಿ ಹೆಸರುವಾಸಿ. ಅಂಗಡಿಯ ಮಹಡಿಯಲ್ಲಿ ಬೇಕರಿ ತೆರೆದು ಅದನ್ನು ಸೊಸೆಗೆ ಒಪ್ಪಿಸುವ ಮಾತು ಎದ್ದಿತ್ತು. ಇವತ್ತು ನೆಂಟರೆಲ್ಲ ಮೆಚ್ಚಿದರೆ ತೀರ್ಮಾನ. ಮಾಸ್ಕೋದಲ್ಲಿ ಡಾಕ್ಟರಿಕೆ ಓದಿ ಬಂದ ಗೆಳತಿ ಲಕ್ಷ್ಮೀಪ್ರಸನ್ನ ಕಲಿಸಿದ ರಷ್ಯಾದ ಜೇನು ಕೇಕಿಗೆ ಹಂಸಾ ಜೇನಿನ ಬದಲು ತವರು ಮಂಡ್ಯದ ಜೋನಿಬೆಲ್ಲ ಹಾಕಿದ್ದಳು. ವಿಶಾಖಪಟ್ಟಣದಲ್ಲಿ ಗಂಡನ ಉಕ್ಕಿನ ಪ್ಲಾಂಟಿನ ಕ್ವಾರ್ಟರ್ಸಿನಲ್ಲಿ ಮಾಡಿ, ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು.

ಗಂಡ ಶಮಂತ್ ಅವಳನ್ನು ಅಡುಗೆಮನೆಗೆ ಕರೆದೊಯ್ದು, ಕೆನ್ನೆಯ ಮೇಲಿನ ಕಣ್ಣೀರನ್ನು ಅಂಗೈಯಿಂದ ಒರೆಸಿದ.

“ಹಿಟ್ಟು ಹಳೇದಿತ್ತೇನೋ. ಬಿಡು. ವೈಜಾಗ್‌ಗೆ ಹೋಗಿಬಿಡೋಣ. ಇದೆಲ್ಲ ನಿನಗ್ಯಾಕೆ?”

“ಹಿಟ್ಟಲ್ಲ,” ಎಂದಿತು ಬಾಗಿಲಲ್ಲಿ ಒಂದು ದನಿ.

ಹಂಸಾಳ ಅಕ್ಕ ರೇಣುಕಾ. ಪರವಾಡದ ಔಷಧಿ ಕಂಪನಿಯೊಂದರ ಗುಣಮಟ್ಟ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಎಲ್ಲರೂ ಮೂಗು ಮುಚ್ಚಿಕೊಂಡಿದ್ದ ಆ ತಟ್ಟೆಯನ್ನು ಅವಳು ಕೈಯಲ್ಲಿ ಹಿಡಿದು ತಂದಿದ್ದಳು.

“ಒಲೆಯಲ್ಲಿ ಬೆಂದ ಹುಳು ಹೀಗೆ ಹರಿದಾಡುತ್ತಾ? ಇದು ಆಮೇಲೆ ಹಾಕಿದ್ದು. ಮೈಗೆ ಗೋಧಿ ಬೂಸಾ ಅಂಟಿದೆ ನೋಡಿ.”

ಅವಳ ಹಿಂದೆಯೇ ಬಂದಿದ್ದ ಮನೆಯವರ ಕಣ್ಣೆಲ್ಲ ಬಾಗಿಲಾಚೆ ನಡುಮನೆಯ ಮೂಲೆಗೆ ಹೊರಳಿತು. ಅಲ್ಲಿ ಮೈದುನ ಬಾಬ್ಜಿಯ ಅರೋವಾನಾ ಮೀನಿನ ತೊಟ್ಟಿ. ಪಕ್ಕದಲ್ಲಿ ಬೂಸಾ ತುಂಬಿದ ಡಬ್ಬಿ. ಅದರೊಳಗೆ ಮೀನಿನ ಮೇವಿಗೆಂದು ಸಾಕಿದ ಹುಳುಗಳು.

ಬಾಬ್ಜಿಯ ಮುಖ ಬಿಳಿಚಿತು. “ಅಮ್ಮತೋಡು, ನಾನಲ್ಲ ವದಿನಾ!” ಎಂದು ಅಮ್ಮನ ಮೇಲೆ ಆಣೆಯಿಟ್ಟು ಅತ್ತಿಗೆಗೆ ಹೇಳಿದ.

“ಕೇಕ್ ಫ್ರಿಜ್ಜಿಂದ ಯಾವಾಗ ತೆಗೆದೆ?” ರೇಣುಕಾ ತಂಗಿಯನ್ನು ಕೇಳಿದಳು.

“ಬೆಳಿಗ್ಗೆ, ಗುಡಿಗೆ ಹೊರಡೋ ಮುಂಚೆ. ಕೆನೆ ಮೆತ್ತಗಾಗ್ಲಿ ಅಂತ.”

“ಹಾಗಾದ್ರೆ ಬಾಬ್ಜಿ ಅಲ್ಲ. ರಾತ್ರಿಯೆಲ್ಲ ಫ್ರಿಜ್ಜಲ್ಲಿದ್ದ ಹುಳ ಕೆನೆ ಮೆತ್ತಿಕೊಂಡು ಇಷ್ಟು ಚುರುಕಾಗಿರಲ್ಲ. ಹಾಕಿದ್ದು ಬೆಳಿಗ್ಗೆ. ಆಗ ಬಾಬ್ಜಿ ಇಂದ್ರಕೀಲಾದ್ರಿ ಬೆಟ್ಟದ ಗುಡೀಲಿ ನಮ್ಮ ಜೊತೇನೇ ಕ್ಯೂನಲ್ಲಿದ್ದ. ಒಂದು ನಿಮಿಷವೂ ಅತ್ತಿತ್ತ ಹೋಗಲಿಲ್ಲ.”

“ಮನೇಲಿದ್ದದ್ದು ಮಾಧವಿ ಒಬ್ಬಳೇ!” ಹಂಸಾ ಕಿರುಚಿದಳು. ನಾದಿನಿ ಮಾಧವೀಲತಾಳಿಗೂ ಆ ಮಹಡಿಯ ಮೇಲೆ ಆಸೆಯಿತ್ತೆಂಬುದು ಎಲ್ಲರಿಗೂ ಗೊತ್ತು. “ನಿನಗೆ ಬೇಕಿದ್ರೆ ಬಾಯಿಬಿಟ್ಟು ಕೇಳಬಹುದಿತ್ತಲ್ಲ! ಹುಳ ತಿನ್ನಿಸಬೇಕಿತ್ತಾ? ಹೆತ್ತ ತಾಯಿಗೆ?”

ಮಾಧವೀಲತಾಳ ಕಣ್ಣಲ್ಲಿ ನೀರು ತುಂಬಿತು.

“ನಾನು ಹಿತ್ತಲ ಒಲೆ ಮುಂದೆ ಗಾರೆ ವಡೆ ಕರೀತಿದ್ದೆ,” ಎಂದಳು. “ಮುಂಬಾಗಿಲು ತೆರೆದೇ ಇತ್ತು. ಯಾರು ಬಂದ್ರೋ, ಯಾರು ಹೋದ್ರೋ...”

ರೇಣುಕಾ ಕೇಕಿನ ಹಿಂಬದಿಯನ್ನು ಬೆಳಕಿಗೆ ತಿರುಗಿಸಿದಳು. ಸುತ್ತಲೂ ಕಂದು ಪುಡಿಯ ಹೊದಿಕೆ. ಒಂದು ಕಡೆ ಮಾತ್ರ ಅದು ದಪ್ಪ. ಬೆರಳಿನಿಂದ ಕೆರೆದಳು. ಒಳಗೆ ಬೆರಳು ತೂರುವಷ್ಟು ತೂತು!

“ಇಲ್ಲಿಂದ ತುಂಬಿಸಿ, ಮೇಲೆ ಪುಡಿ ಒತ್ತಿದ್ದಾರೆ. ಹಂಸಾ, ಇದು ಯಾವ ಪುಡಿ?”

“ಕೇಕಿನ ಅಂಚು ಒಣಗಿಸಿ, ಅಕ್ರೋಟು ಸೇರಿಸಿ ನಾನೇ ಪುಡಿ ಮಾಡಿದ್ದು.”

“ಅಂಗಡೀಲಿ ಸಿಗಲ್ಲ ತಾನೇ? ಮಿಕ್ಕಿದ್ದು ಎಲ್ಲಿದೆ?”

“ದಾರೀಲಿ ಉದುರಿದ್ರೆ ಹಚ್ಚೋಣ ಅಂತ ಡಬ್ಬಿ ತುಂಬ ತಂದಿದ್ದೆ. ಉದುರಲಿಲ್ಲ. ಡಬ್ಬಿ ಸೂಟ್‌ಕೇಸಿನಲ್ಲೇ ಇದೆ.”

“ತಗೊಂಡು ಬಾ.”

ಹಂಸಾ ಡಬ್ಬಿ ತಂದಳು. ಅರ್ಧ ಖಾಲಿ!

“ಸೂಟ್‌ಕೇಸಿಗೆ ಬೀಗ ಇತ್ತಾ?”

“ನಂಬರ್ ಬೀಗ. ಈಗಲೂ ಹಾಕಿತ್ತು.”

“ನಂಬರ್ ಯಾರಿಗೆ ಗೊತ್ತು?”

ಹಂಸಾಳ ಕತ್ತು ನಿಧಾನವಾಗಿ ಗಂಡನತ್ತ ತಿರುಗಿತು.

“ಶಮಂತ್,” ರೇಣುಕಾಳ ದನಿ ಏರಲಿಲ್ಲ. “ಎಲ್ಲರೂ ಹುಳ ನೋಡಿ ಮುಖ ತಿರುಗಿಸಿದ್ರು, ಪುಡಿ ಕಡೆ ಯಾರೂ ನೋಡಲಿಲ್ಲ. ಹುಳ ಈ ಮನೇಲಿ ಯಾರ ಕೈಗಾದ್ರೂ ಸಿಗ್ತಿತ್ತು. ಆದ್ರೆ ಪುಡಿ ಡಬ್ಬಿ ಇದೆ ಅಂತ ಗೊತ್ತಿದ್ದು, ಆ ಬೀಗ ತೆಗೆಯೋಕೆ ಆಗ್ತಿದ್ದದ್ದು ನಿಮ್ಮೊಬ್ಬರಿಗೇ. ಫೋನುಗಳನ್ನ ಕೌಂಟರಿನಲ್ಲಿ ಕೊಟ್ಟು ಬರ್ತೀನಿ ಅಂತ ಕ್ಯೂ ಬಿಟ್ಟು ಹೋದ್ರಿ. ಗುಡಿ ಬಾಗಿಲ ಹತ್ರ ಬಂದ ಮೇಲೆ ನಮ್ಮನ್ನ ಸೇರಿಕೊಂಡ್ರಿ. ಬೆಟ್ಟದ ಬುಡದಲ್ಲೇ ಮನೆ. ಅಲ್ವಾ?”

ಶಮಂತ್ ನೆಲ ನೋಡಿದ.

“ಅಮ್ಮನ ಬಾಯಿಗೇ ಹೋಗುತ್ತೆ ಅಂತ ನಾನು... ಕತ್ತರಿಸುವಾಗಲೇ ಕಾಣಿಸುತ್ತೆ ಅಂದುಕೊಂಡೆ, ವದಿನಾ. ಇವಳು ಇಲ್ಲಿ ಬಂದು ಕೂತ್ರೆ ನಾನಲ್ಲಿ ಒಬ್ಬನೇ. ಪ್ಲಾಂಟಿನಲ್ಲಿ ಈಗಾಗ್ಲೇ ‘ಕೇಕ್ ಮೇಡಂ ಗಂಡ’ ಅಂತಾರೆ. ಬೇಡ ಅಂದಿದ್ರೆ ನಾನು ಕೆಟ್ಟವನಾಗ್ತಿದ್ದೆ. ನೀವೆಲ್ಲ ಬೇಡ ಅಂದ್ರೆ...”

ಹಂಸಾಳಿಗೆ ಆ ಕೈ ಕಣ್ಣಿಗೆ ಕಟ್ಟಿತು. ಬೂಸಾ ಡಬ್ಬಿಯಲ್ಲಿ ಆಡಿದ ಕೈ. ಅದೇ ಕೈ ತನ್ನ ಕಣ್ಣೀರು ಒರೆಸಿತ್ತು! ಪಾತ್ರೆ ತೊಳೆಯುವ ಸಿಂಕಿಗೆ ಓಡಿ ವಾಂತಿ ಮಾಡಿದಳು. ಸೋಪು ಹಚ್ಚಿ ಕೆನ್ನೆ ಉಜ್ಜಿದಳು, ಮತ್ತೆ ಉಜ್ಜಿದಳು. ಚರ್ಮ ಉರಿಯತೊಡಗಿದರೂ ಹೇಸಿಗೆ ಹೋಗಲಿಲ್ಲ.

ಬೆನ್ನ ಹಿಂದೆ ಸೂರ್ಯಕಾಂತಮ್ಮ ಮಗನಿಗೆ ಹೇಳುತ್ತಿದ್ದರು: “ನಡುಮನೇಲಿ ನೆಂಟರು ಇನ್ನೂ ಕೂತಿದ್ದಾರೆ. ಹೋಗು. ನೀನು ಮಾಡಿದ್ದನ್ನ ನಿನ್ನ ಬಾಯಲ್ಲೇ ಹೇಳು.”

“ಅಮ್ಮಾ, ಎಲ್ಲರ ಮುಂದೆ...”

“ಎಲ್ಲರ ಮುಂದೇನೇ ಅಲ್ವಾ ಅವಳ ಮಾನ ತೆಗೆದಿದ್ದು? ನಡಿ!”

ಅವನು ಹೋದ. ನಡುಮನೆಯ ಗುಸುಗುಸು ಒಮ್ಮೆಲೇ ಅಡಗಿತು. ಅವನ ತಗ್ಗಿದ ದನಿ ಕೇಳಿಸಿತು, ಆಮೇಲೆ ಯಾರೋ “ಥೂ” ಎಂದದ್ದು.

ಹಂಸಾ ತಲೆಯೆತ್ತಲಿಲ್ಲ. “ಅತ್ತಯ್ಯಾ, ನಾನು ಅವರ ಜೊತೆ ವೈಜಾಗ್‌ಗೆ ಹೋಗಲ್ಲ.”

“ಹೋಗು ಅಂದವರ್ಯಾರು? ಮಹಡಿ ನಿಂದು.”

ಪಕ್ಕದಿಂದ ಯಾರೋ ಟವಲ್ ಚಾಚಿದರು. ಮಾಧವೀಲತಾ. ಹಂಸಾ ಟವಲಿನಿಂದ ಮುಖ ಒರೆಸಿಕೊಂಡಳು.

“ಮಾಧವಿ, ಬೇಕರಿ ಇಬ್ಬರೂ ಸೇರಿ ನಡೆಸೋಣ್ವಾ?”

“ಅದು ಆಮೇಲೆ,” ಎಂದಳು ಮಾಧವೀಲತಾ. “ಮೊದಲು ನನಗೆ ‘ತಪ್ಪಾಯ್ತು’ ಅನ್ನಿ, ವದಿನಾ.”

ಹಂಸಾ ಅಂದಳು.