ಬೆಂಕಿಗೂಳಿಗೆ ಮೇವು ನಿಲ್ಲಿಸಿದ ಹೊನ್ನಾಜಿ

ಬಹಳ ಬಹಳ ಹಿಂದೆ, ಹಿಮದ ಬೆಟ್ಟವೊಂದರ ಬುಡದಲ್ಲಿ ಒಂದು ರಾಜ್ಯವಿತ್ತು. ಬೆಟ್ಟದ ಹಿಮ ಕರಗಿ ಹೊಳೆಯಾಗುತ್ತಿತ್ತು, ಹೊಳೆ ಇಳಿದು ಸರೋವರವಾಗುತ್ತಿತ್ತು, ಸರೋವರದ ನೀರನ್ನು ರಾಜ್ಯವೆಲ್ಲ ಕುಡಿಯುತ್ತಿತ್ತು. ಅಲ್ಲಿನ ರಾಜ ಮೃದುಪಾದ. ಅವನಿಗೆ ಶತ್ರುಗಳಿರಲಿಲ್ಲ. ಚಳಿಗಾಲದಲ್ಲಿ ಅವನ ಕಾಲು ತಣ್ಣಗಾಗುವುದೊಂದೇ ರಾಜ್ಯದ ಸಮಸ್ಯೆ.

ಬೂದಿಗಡ್ಡನೆಂಬ ಮಾಂತ್ರಿಕ ಪರಿಹಾರ ತಂದ. ಬೆಟ್ಟದ ಗುಹೆಯಲ್ಲಿ ಒಂದು ಬೆಂಕಿಗೂಳಿಯನ್ನು ಕಟ್ಟಿದ. ಅದು ಸೌದೆ ತಿಂದು ಬಿಸಿಯುಸಿರು ಬಿಟ್ಟಿತು. ಚಳಿ ಓಡಿಹೋಯಿತು.

ಮೊದಲ ವರ್ಷ ಹಿಮ ಕರಗಿ ಸರೋವರ ಉಕ್ಕಿತು. ಗೂಳಿಯಿಂದ ನೀರೂ ಹೆಚ್ಚಿತೆಂದು ರಾಜ ಅರಮನೆಯ ಮೆಟ್ಟಿಲ ಮೇಲೆ ನಿಂತೇ ಬಾಗಿನ ಬಿಟ್ಟ. ಎರಡನೆಯ ವರ್ಷ ಬಾಗಿನ ಹಿಡಿದು ಕೆಸರಿನಲ್ಲಿ ನಡೆಯಬೇಕಾಯಿತು. ಮೂರನೆಯ ವರ್ಷ ನಡೆದೂ ನಡೆದೂ ರಾಜನ ಒಂದು ಪಾದುಕೆ ಕೆಸರಿನಲ್ಲೇ ಉಳಿಯಿತು. ಗೂಳಿಯ ಬಿಸಿಗೆ ಹಿಮವೆಲ್ಲ ಕರಗಿ ಬೆಟ್ಟ ಬೋಳಾಗಿತ್ತು, ಸರೋವರ ಹೊಂಡವಾಗಿತ್ತು. ನೀರು ಹಿಂದೆ ಸರಿದು ಅರಮನೆಗೆ ಅಗೌರವ ತೋರಿದೆಯೆಂದು ಮಂತ್ರಿ ವರದಿ ಕೊಟ್ಟ.

ಆ ಹೊಂಡದಲ್ಲಿ ಹರಿಗೋಲು ನಡೆಸುತ್ತಿದ್ದವಳು ಅಂಬಿಗರ ಹೊನ್ನಾಜಿ. ಗೂಳಿಯ ಸೌದೆಯೆಲ್ಲ ಅವಳ ಹರಿಗೋಲಿನಲ್ಲೇ ಆಚೆ ದಡದ ಬೆಟ್ಟಕ್ಕೆ ಹೋಗುತ್ತಿತ್ತು. ಸುತ್ತಲೂ ಆಳವಾದ ಕೆಸರು, ಬೇರೆ ದಾರಿಯಿರಲಿಲ್ಲ. ಒಂದು ಬೆಳಗ್ಗೆ ಅವಳ ಹುಟ್ಟು ನೆಲಕ್ಕೆ ತಗುಲಿತು. ಇನ್ನೊಂದು ಬೇಸಿಗೆ ಹೀಗೇ ಕಳೆದರೆ ಕುಡಿಯಲು ಏನೂ ಉಳಿಯದೆಂದು ಅವಳಿಗೆ ಗೊತ್ತಾಯಿತು. ಹರಿಗೋಲನ್ನು ದಡಕ್ಕೆಳೆದು, ಬೋರಲು ಹಾಕಿ, ಅದರ ಮೇಲೆ ಕುಳಿತಳು.

"ಇನ್ನು ಸೌದೆ ಸಾಗಿಸೋದಿಲ್ಲ" ಎಂದಳು.

ಮೊದಲು ಮಂತ್ರಿ ಬಂದ. "ರಾಜಾಜ್ಞೆ. ಹರಿಗೋಲು ಜಪ್ತಿ."

"ತಗೊಳ್ಳಿ ಸ್ವಾಮಿ" ಎಂದು ಹೊನ್ನಾಜಿ ಎದ್ದುನಿಂತಳು.

ಮಂತ್ರಿ ಸೌದೆ ಹೇರಿ ತಾನೇ ಹುಟ್ಟು ಹಾಕಿದ. ಹರಿಗೋಲು ಇದ್ದಲ್ಲೇ ಗಿರಗಿರ ತಿರುಗಿತು. ಮಧ್ಯಾಹ್ನದವರೆಗೂ ತಿರುಗಿತು.

"ಎಲ್ಲಿಗೆ ಬಂದೆ?" ಎಂದು ಕಣ್ಣು ಮುಚ್ಚಿಕೊಂಡೇ ಕೇಳಿದ.

"ಹೊರಟಲ್ಲಿಗೆ, ಸ್ವಾಮಿ."

ಆಮೇಲೆ ಮಾಂತ್ರಿಕ ಬಂದ. ಮಂತ್ರ ಹೇಳಿ ಮೊಸಳೆಯೊಂದನ್ನು ಕರೆದು, "ಸೌದೆ ಹೊರು" ಎಂದ.

"ಯಾವ ನೀರಲ್ಲಿ ಈಜಲಯ್ಯಾ?" ಎಂದಿತು ಮೊಸಳೆ. "ಮಂತ್ರ ಕಲಿತವನು ನೀನು. ನೀನೇ ಹೊತ್ಕೊಂಡು ಹೋಗು."

ಮಾಂತ್ರಿಕ ಹೊರೆ ಹೊತ್ತು ಹೆಜ್ಜೆಯಿಟ್ಟ, ಗಡ್ಡದವರೆಗೆ ಹೂತುಹೋದ. ಹೊನ್ನಾಜಿ ಹಗ್ಗ ಎಸೆದು ಎಳೆದಳು.

"ಮಂತ್ರದಿಂದಲೇ ಮೇಲೆ ಬರ್ತೀರೇನೋ ಅಂತ ಸ್ವಲ್ಪ ಹೊತ್ತು ಕಾದೆ" ಎಂದಳು.

ಕೊನೆಗೆ ರಾಜನೇ ಬಂದ. ಬೈಯಲಿಲ್ಲ, ಪಕ್ಕದಲ್ಲಿ ಕುಳಿತ.

"ಗೂಳಿ ಉಪವಾಸ ಇದೆ, ಹೊನ್ನಾಜಿ. ನನ್ನ ಕಾಲು ತಣ್ಣಗಾಗಿದೆ."

"ಕಂಬಳಿ ಹೊದ್ದುಕೊಳ್ಳಿ, ಬುದ್ಧಿ."

ಆಸ್ಥಾನದಲ್ಲಿ ಈ ಮಾತು ಎಂದೂ ಬಂದಿರಲಿಲ್ಲ. ರಾಜ ಅವಳ ಹೆಗಲ ಮೇಲಿನ ಕಂಬಳಿಯತ್ತ ನೋಡಿದ.

"ಕಂಬಳಿ ಚುಚ್ಚುತ್ತದಂತಲ್ಲ?"

"ಚುಚ್ಚುತ್ತೆ. ನೀರಿಲ್ಲದೆ ಗಂಟಲು ಒಣಗಿದಷ್ಟು ಕಷ್ಟವೇನಲ್ಲ."

ಅವಳು ತನ್ನ ಹೆಗಲ ಕಂಬಳಿಯನ್ನು ಅವನ ಕಾಲಿಗೆ ಸುತ್ತಿದಳು. "ಚುಚ್ಚುತ್ತಿದೆ" ಎಂದ ರಾಜ. ತೆಗೆಯಲಿಲ್ಲ.

ಮೇವಿಲ್ಲದೆ ಗೂಳಿ ಸೊರಗಿ ಕರುವಾಯಿತು, ಕರು ಕಿಡಿಯಾಯಿತು, ಕಿಡಿ ಆರಿಹೋಯಿತು. ಬೆಟ್ಟಕ್ಕೆ ಹಿಮ ಮರಳಿತು, ಆದರೆ ಅವಸರ ಮಾಡಲಿಲ್ಲ. ಸರೋವರ ತುಂಬುವಷ್ಟರಲ್ಲಿ ರಾಜನ ತಲೆ ನರೆತಿತ್ತು. ಬೂದಿಗಡ್ಡ ಕಂಬಳಿ ನೇಯತೊಡಗಿದ. ಅವು ಮಂತ್ರದ ಕಂಬಳಿಗಳೆಂದು ಹೇಳಿಕೊಂಡ, ಯಾರೂ ಆಕ್ಷೇಪಿಸಲಿಲ್ಲ. ಪ್ರಜೆಗಳು ಪ್ರತಿ ಚಳಿಗಾಲದಲ್ಲೂ ಹಲ್ಲು ಕಟಕಟಿಸುತ್ತಾ ಹೊನ್ನಾಜಿಯನ್ನು ಬೈದರು, ಬೈದು ಬೈದು ಬಾಯೊಣಗಿದಾಗ ಸರೋವರಕ್ಕೆ ಹೋಗಿ ಹೊಟ್ಟೆ ತುಂಬ ನೀರು ಕುಡಿದರು, ಹೀಗೆ ಬಹುಕಾಲ ಸುಖವಾಗಿದ್ದರು.